ಇಳಿಜಾರಿನ ಬೈಸಿಕಲ್ಲನ್ನು ಕೊಳ್ಳುವುದಕ್ಕೆ ಮುಂಚೆ

ನಮ್ಮ ವಾಚಕರಲ್ಲೊಬ್ಬರು, ಮೈಸೂರಿನ ಗೃಹಸ್ಥರು, ಕಳೆದ ತಿಂಗಳು ನಮಗೊಂದು ದೀರ್ಘವಾದ ಪತ್ರವನ್ನು ಬರೆದಿರುವರು. ಅವರ ಚಿರಂಜೀವಿಯು ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ ಉದ್ಯೋಗದಲ್ಲಿರುವನಂತೆ. ಬೇಸಗೆ ಬಂದಿತೆಂದರೆ ವಾರಕ್ಕೊಮ್ಮೆ ಅಲ್ಲಿಂದ ಸುಮಾರು ೧೨೦ ಕಿಲೋಮೀಟರು ದೂರದ ವಿಸ್ಲರ್ ಪರ್ವತಕ್ಕೆ ಹೋಗಿ, ತಂತಿಯ ಮೇಲೆ ತೂಗುತ್ತ ಏರುವ ಕುರ್ಚಿಯಲ್ಲಿ ಬೈಸಿಕಲ್ಲಿನೊಡನೆ ಮೇಲೇರಿ, ಬೇರುಬಂಡೆಗಳ ನಡುವಣ ಕಡಿದಾದ ದಾರಿಯಲ್ಲಿ ಧುಮುಕುತ್ತ ಇಳಿದು ಬರುವುದು ಅವನ ವಿನೋದ. ಹೋದ ವರ್ಷ ಆ ದಾರಿಗೆ ತಕ್ಕುದಲ್ಲದ ಗಾಡಿಯಲ್ಲಿ ಇಳಿದು ಕೊರಳೆಲುಬನ್ನು ಮುರಿದುಕೊಂಡನು. ಈಗ ಅದಕ್ಕೆಂದೇ ಮಾಡಿದ ಉತ್ತಮವಾದ ಯಂತ್ರವನ್ನು ಕೊಳ್ಳಬೇಕೆಂದು, ಎಂಟು ಸಾವಿರ ಕೆನಡಾ ಡಾಲರುಗಳ ಅಂದಾಜನ್ನು ಮುಂದಿಟ್ಟು ತಂದೆಯ ನೆರವನ್ನು ಬೇಡಿರುವನು. ನಮ್ಮ ಲೆಕ್ಕದಲ್ಲಿ ಅದು ಐದು ಲಕ್ಷ ರೂಪಾಯಿಗಳ ಆಸುಪಾಸು. ಮನೆಗೆ ಮಹಡಿ ಕಟ್ಟಿಸಲೆಂದು ಕೂಡಿಟ್ಟ ಹಣ. ತಾಯಿಯವರು ಸುತರಾಂ ಬೇಡವೆನ್ನುವರು. “ಇದು ವಿವೇಕವೋ ಮೌಢ್ಯವೋ, ತಿಳಿಸಬೇಕು” ಎಂದು ಪತ್ರವು ಮುಗಿಯುವುದು.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹುಡುಗರಿಂದ ಶಬ್ದರೂಪಗಳನ್ನು ಉರು ಹಾಕಿಸಿದ ಮೇಷ್ಟರಿಗೂ ಬೆಟ್ಟದಿಂದ ಹಾರುವ ಬೈಸಿಕಲ್ಲಿಗೂ ಏನು ಸಂಬಂಧವೆಂದು ಕೆಲವರು ನಕ್ಕಾರು. ಆದರೆ ಕಳೆದೆರಡು ಬೇಸಗೆಗಳನ್ನು ನಾವು ಅದೇ ಪ್ರಾಂತ್ಯದಲ್ಲಿ ಮಗಳ ಮನೆಯಲ್ಲಿ ಕಳೆದೆವು. ಅಳಿಯಂದಿರ ತಮ್ಮನಿಗೂ ಇದೇ ಗೀಳು. ಅವನ ಜೊತೆಯಲ್ಲಿ ಹೋಗಿ ಬೆಟ್ಟದ ಬುಡದಲ್ಲಿ ಕುಳಿತು, ಇಳಿದು ಬರುವವರನ್ನೂ ಅವರ ಗಾಡಿಗಳನ್ನು ರಿಪೇರಿ ಮಾಡುವವರನ್ನೂ ಬೇಕಾದಷ್ಟು ಪ್ರಶ್ನಿಸಿರುವೆವು. ಪ್ರಶ್ನೆ ಕೇಳುವುದರಲ್ಲಿ ಮೇಷ್ಟರಿಗೆ ಸಂಕೋಚವೆಂಬುದಿಲ್ಲ.

ಯಾವ ಶಾಸ್ತ್ರವನ್ನಾದರೂ ಆರಂಭಿಸುವಾಗ ಇದಕ್ಕೆ ಅಧಿಕಾರಿ ಯಾರು ಎಂದು ವಿಚಾರಿಸುವುದು ನಮ್ಮ ಹಿರಿಯರ ಪದ್ಧತಿ. ಇಲ್ಲಿಯೂ ಮೊದಲು ಅದನ್ನೇ ಕೇಳತಕ್ಕುದು. ಡೌನ್‌ಹಿಲ್ ಎಂದು ಕರೆಯಲ್ಪಡುವ ಈ ಯಂತ್ರವು ಇಳಿಯುವುದಕ್ಕಲ್ಲದೆ ಬೇರೊಂದಕ್ಕೆ ಉಪಯೋಗವಾಗದು. ತೂಕ ೧೬ರಿಂದ ೧೮ ಕಿಲೋಗ್ರಾಮು. ಮುಂದಿನ ಫೋರ್ಕೂ ಹಿಂದಿನ ಷಾಕೂ ಚಕ್ರಗಳಿಗೆ ಸುಮಾರು ೨೦೦ ಮಿಲಿಮೀಟರುಗಳಷ್ಟು ಮೇಲೆ ಕೆಳಗೆ ಆಡಲು ಎಡೆಗೊಡುವುವು. ಸೀಟು ಮೊಳಕಾಲಿಗಿಂತ ಸ್ವಲ್ಪವೇ ಮೇಲೆ. ಇದನ್ನು ತುಳಿದುಕೊಂಡು ಗುಡ್ಡವನ್ನೇರುವೆನೆಂದವನು ಅರ್ಧ ಫರ್ಲಾಂಗಿನಲ್ಲಿಯೇ ಬುದ್ಧಿ ಕಲಿಯುವನು. ತಾನೇ ತುಳಿದು ಏರಿ ತಾನೇ ಇಳಿಯುವವನಿಗೆ ಎಂಡ್ಯೂರೋ ಎಂಬ ಬೇರೊಂದು ಜಾತಿಯುಂಟು; ಅದರ ಆಟ ೧೬೦–೧೭೦ ಮಿಲಿಮೀಟರು, ತೂಕವೂ ಕಡಿಮೆ. ವಿಸ್ಲರಿನಲ್ಲಿ ಏರಿಸುವ ಕೆಲಸ ಕುರ್ಚಿಯದು. ಅಲ್ಲಿನ ಬೈಸಿಕಲ್ ಉದ್ಯಾನವು ಮೇ ತಿಂಗಳಿಂದ ಅಕ್ಟೋಬರಿನವರೆಗೆ ತೆರೆದಿರುವುದು. ವರ್ಷಕ್ಕೆ ನಾಲ್ಕೈದು ದಿನ ಹೋಗುವವನಾದರೆ ಬಾಡಿಗೆಯ ಗಾಡಿಯೇ ಸಾಕು. ವಾರವಾರವೂ ಹೋಗುವ ಈ ಹುಡುಗನು ನಿಜವಾಗಿ ಅಧಿಕಾರಿಯೇ ಸರಿ. ಆದಕಾರಣ ಕೊಳ್ಳುವುದು ಮೌಢ್ಯವಲ್ಲ. ಏನನ್ನು ನೋಡಿ ಕೊಳ್ಳುವನು ಎಂಬುದೇ ಮುಖ್ಯ.

ಅಂಗಡಿಯವರು ಮೊದಲು ತೋರಿಸುವುದು ಫ್ರೇಮನ್ನು, ಅದರ ಹೆಸರನ್ನು, ಅದರ ಹಗುರವನ್ನು. ಹುಡುಗರ ಕಣ್ಣೂ ಅಲ್ಲಿಗೇ ಹೋಗುವುದು. ಈ ಕ್ರೀಡೆಯ ಚರಿತ್ರೆಯನ್ನು ನೋಡಿದರೆ ಕ್ರಮವು ತಲೆಕೆಳಗೆಂದು ತೋರುವುದು. ೧೯೭೬ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ ಕೆಲವು ತರುಣರು ಹಳೆಯ ಗುಜರಿ ಬೈಸಿಕಲ್ಲುಗಳನ್ನು ಹಿಡಿದು, ಸುಮಾರು ಎರಡು ಮೈಲಿಯ ಕಡಿದಾದ ಮಣ್ಣುದಾರಿಯಲ್ಲಿ ಪಂದ್ಯ ಹೂಡಿದರು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಬ್ರೇಕು ಚಕ್ರದ ಗುಂಭದೊಳಗಿತ್ತು. ಒಂದು ಸಲ ಇಳಿಯುವಷ್ಟರಲ್ಲಿ ಅದು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗಿ, ಮತ್ತೆ ಹೊಸದಾಗಿ ಗ್ರೀಸನ್ನು ತುಂಬಬೇಕಾಗುತ್ತಿತ್ತು. ಆ ದಾರಿಗೆ ‘ರೀಪ್ಯಾಕ್’ ಎಂದು ಹೆಸರು ಬಂದುದು ಹೀಗೆ. ಎಂದರೆ ಇಳಿಯುವವನಿಗೆ ಮೊದಲ ದಿನದಿಂದಲೂ ಎದುರಾದ ಪ್ರಶ್ನೆ ಓಡುವುದು ಹೇಗೆಂಬುದಲ್ಲ, ನಿಲ್ಲುವುದು ಹೇಗೆಂಬುದು.

ಇನ್ನೊಂದು ಸಂಗತಿ. ಆಸ್ಟ್ರಿಯಾದ ಲಿಯೋಗಾಂಗ್ ಎಂಬಲ್ಲಿ ವಿಶ್ವಕಪ್ಪಿನ ಪಂದ್ಯ ನಡೆಯುವುದುಂಟು. ೨೦೧೪ರಲ್ಲಿ ಅಮೆರಿಕದ ಆರನ್ ಗ್ವಿನ್ ಎಂಬ ಪ್ರಸಿದ್ಧ ಸವಾರನ ಹಿಂದಿನ ಟೈರು ಗಾಳಿಯನ್ನು ಕಳೆದುಕೊಂಡು ಕಿತ್ತುಹೋಯಿತು. ಬರಿಯ ರಿಮ್ಮಿನ ಮೇಲೆ ಕೆಳಗಿನವರೆಗೂ ಇಳಿದು ಬಂದನು, ಗೆಲುವು ಮಾತ್ರ ದೊರೆಯಲಿಲ್ಲ. ಮರುವರ್ಷ ಅದೇ ಬೆಟ್ಟದಲ್ಲಿ, ಹೊರಟ ಕ್ಷಣದಲ್ಲಿಯೇ ಅವನ ಚೈನು ತುಂಡಾಯಿತು. ತುಳಿಯುವ ಉಪಾಯವೇ ಇಲ್ಲದೆ ಇಳಿದವನು ಎಲ್ಲರಿಗಿಂತಲೂ ಮೊದಲಿಗನಾದನು! ಚೈನಿಲ್ಲದೆ ಗೆದ್ದನು, ಟೈರಿಲ್ಲದೆ ಸೋತನು. ಯಾವುದು ಅಂಗಿ, ಯಾವುದು ಅಂಗ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಕ್ಕಲಾರದು.

ಆದುದರಿಂದ ಹುಡುಗನು ಮೊದಲು ಟೈರುಗಳನ್ನು ನೋಡಲಿ. ಈ ಕೆಲಸಕ್ಕೆ ಎರಡು ಪದರದ ದಪ್ಪ ಮೈಯುಳ್ಳ ಟೈರುಗಳೇ ಆಗಬೇಕು. ಅಗಲ ಸುಮಾರು ಎರಡೂವರೆ ಅಂಗುಲ, ಒಂದೊಂದೂ ಒಂದು ಕಿಲೋಗ್ರಾಮಿಗಿಂತ ಹೆಚ್ಚು ತೂಗುವುದು. ಕೆಲವು ಅಂಗಡಿಗಳಲ್ಲಿ ತೂಕವನ್ನು ಕಡಿಮೆ ತೋರಿಸಲು ತೆಳುವಾದ ಟೈರನ್ನು ಹಾಕಿಟ್ಟಿರುವರು. ಅಂತಹುದು ಮೊದಲ ಚೂಪುಗಲ್ಲಿಗೇ ಹರಿಯುವುದು. ಒಳಗೆ ಟ್ಯೂಬಿಲ್ಲದೆ, ತೂತನ್ನು ತಾನೇ ಮುಚ್ಚುವ ದ್ರವವನ್ನು ಹಾಕಿಸುವುದು ಈಗಿನ ವಾಡಿಕೆ.

ಅನಂತರ ಬ್ರೇಕು. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ, ಒಂದೊಂದು ಚಕ್ರಕ್ಕೆ ನಾಲ್ಕು ಪಿಸ್ಟನ್ನುಗಳುಳ್ಳ ತಟ್ಟೆಬ್ರೇಕು ಇರಬೇಕು. ತಟ್ಟೆಯ ವ್ಯಾಸ ೨೦೦ ಮಿಲಿಮೀಟರಿಗೆ ಕಡಿಮೆಯಾಗಬಾರದು, ಭಾರವಾದ ಸವಾರನಿಗೆ ೨೨೦ ಇದ್ದರೆ ಇನ್ನೂ ಒಳ್ಳೆಯದು. ದೊಡ್ಡ ತಟ್ಟೆಯು ಕಾವನ್ನು ಬೇಗ ಹೊರಕ್ಕೆ ಬಿಡುವುದು. ಕಾದ ಬ್ರೇಕು ಇಳಿಜಾರಿನ ಕೊನೆಯಲ್ಲಿ, ಎಂದರೆ ಸವಾರನ ಕೈಯೂ ಸೋತಿರುವ ಹೊತ್ತಿನಲ್ಲಿಯೇ, ಕೈಕೊಡುವುದು. ಬಲ್ಲವರು ಒಂದೇ ಬೆರಳಿನಿಂದ ಬ್ರೇಕನ್ನು ಒತ್ತಿ ಉಳಿದವುಗಳಿಂದ ಹ್ಯಾಂಡಲನ್ನು ಬಿಗಿಹಿಡಿಯುವರು. ಒಂದು ಬೆರಳಿಗೆ ಬಗ್ಗದ ಬ್ರೇಕನ್ನು ಅಂಗಡಿಯಲ್ಲಿಯೇ ಬಿಟ್ಟು ಬರತಕ್ಕುದು.

ಇನ್ನು ಸಸ್ಪೆನ್ಷನ್ನು. ಇಲ್ಲಿಯೇ ಹಣವೂ ಹೆಚ್ಚು, ಭ್ರಾಂತಿಯೂ ಹೆಚ್ಚು. ಇಮ್ಮಡಿ ಕಿರೀಟದ, ಅಂದರೆ ಹ್ಯಾಂಡಲಿನ ಬುಡವನ್ನು ಮೇಲೆ ಕೆಳಗೆ ಎರಡು ಕಡೆಯಲ್ಲಿ ಹಿಡಿದಿರುವ ಫೋರ್ಕು ಈ ಜಾತಿಯ ಲಕ್ಷಣ. ಫಾಕ್ಸ್ ೪೦, ರಾಕ್‌ಷಾಕ್ಸ್ ಬಾಕ್ಸರ್ ಎಂಬಿವು ಹೆಸರಾದವು. ಎರಡರಲ್ಲಿ ಯಾವುದಾದರೂ ಆದೀತು. ಆದರೆ ಎಷ್ಟು ಬೆಲೆಯ ಸ್ಪ್ರಿಂಗೇ ಆಗಲಿ, ಸವಾರನ ತೂಕಕ್ಕೆ ಹೊಂದದಿದ್ದರೆ ಅದು ಬರಿಯ ಅಲಂಕಾರ. ಹುಡುಗನು ಶಿರಸ್ತ್ರಾಣ ಕವಚಗಳನ್ನೆಲ್ಲ ತೊಟ್ಟು, ಪೆಡಲುಗಳ ಮೇಲೆ ಎದ್ದು ನಿಂತಾಗ, ಹಿಂದಿನ ಸಸ್ಪೆನ್ಷನ್ನು ತನ್ನ ಒಟ್ಟು ಆಟದ ಮೂರರಲ್ಲೊಂದು ಪಾಲಿನ ಹತ್ತಿರಕ್ಕೆ ತಾನಾಗಿ ಕುಗ್ಗಬೇಕು. ಮುಂದಿನದು ಅದಕ್ಕಿಂತ ಸ್ವಲ್ಪ ಕಡಿಮೆ. ಕುಗ್ಗದಿದ್ದರೆ ಚಕ್ರವು ಗುಳಿಗಳಲ್ಲಿ ನೆಲವನ್ನು ಬಿಟ್ಟು ಕುಪ್ಪಳಿಸುವುದು. ಅತಿಯಾಗಿ ಕುಗ್ಗಿದರೆ ದೊಡ್ಡ ಏಟಿಗೆ ಎಡೆ ಉಳಿಯದು. ಗಾಳಿಯ ಸ್ಪ್ರಿಂಗಾದರೆ ಪಂಪಿನಿಂದ ಹೊಂದಿಸಬಹುದು. ಉಕ್ಕಿನದಾದರೆ ತೂಕಕ್ಕೆ ತಕ್ಕ ಬೇರೆ ಸುರುಳಿಯನ್ನೇ ತರಿಸಬೇಕು. ಕುಗ್ಗಿದ್ದು ಮರಳಿ ಚಿಮ್ಮುವ ವೇಗವನ್ನು ಹಿಡಿದಿಡುವ ತಿರುಪು ಬೇರೆಯುಂಟು. ಅದನ್ನು ತೀರ ಸಡಿಲಿಸಿದ ಗಾಡಿ ಹುಚ್ಚು ಕುದುರೆಯಂತೆ ಸವಾರನನ್ನು ಮುಂದಕ್ಕೆ ಎಸೆಯುವುದು. ಈ ಹೊಂದಾಣಿಕೆಗೆ ಒಂದು ಗಂಟೆಯನ್ನು ಕೊಡಲೊಪ್ಪದ ಅಂಗಡಿಯಿಂದ ಕೊಳ್ಳಬಾರದು.

ಅಳತೆಯ ವಿಷಯವನ್ನು ಹುಡುಗರು ಲಘುವಾಗಿ ಎಣಿಸುವರು. ಪೆಡಲಿನ ಅಚ್ಚಿನಿಂದ ಹ್ಯಾಂಡಲಿನ ಕೊಳವೆಯ ತಲೆಯವರೆಗೆ ಅಡ್ಡಲಾಗಿ ಅಳೆದ ದೂರಕ್ಕೆ ‘ರೀಚ್’ ಎಂದು ಹೆಸರು. ನಿಂತೇ ಸವಾರಿ ಮಾಡುವವನಿಗೆ ಇದೇ ಅಂಗಿಯ ಅಳತೆಯಿದ್ದಂತೆ. ರಿಯಾಯತಿಯಲ್ಲಿ ದೊರೆಯಿತೆಂದು ಬೇರೊಬ್ಬನ ಅಂಗಿಯನ್ನು ತೊಡಲಾಗುವುದೇ? ಚಕ್ರಗಳೆರಡೂ ೨೯ ಅಂಗುಲವಿರಲೋ, ಹಿಂದಿನದು ೨೭.೫ ಇರಲೋ ಎಂಬ ಚರ್ಚೆ ಬಹಳವಾಗಿ ನಡೆಯುವುದು. ೨೦೧೯ರಲ್ಲಿ ಪಂದ್ಯಗಳ ನಿಯಮ ಬದಲಾದ ಮೇಲೆ ಬೇರೆಬೇರೆ ಗಾತ್ರದ ಚಕ್ರಗಳೂ ಚಾಲ್ತಿಗೆ ಬಂದುವು. ಕುಳ್ಳನೆಯವನಿಗೆ ಹಿಂದಿನದು ಚಿಕ್ಕದಾಗಿದ್ದರೆ ಅನುಕೂಲ, ಇಷ್ಟೇ ಸಾಕು.

ಫ್ರೇಮಿನ ಮಾತು ಕೊನೆಗೆ ಬಂದಿತು. ಅದರ ಸ್ಥಾನವೂ ಅಲ್ಲಿಯೇ. ಕಾರ್ಬನ್ನಿನದು ಹಗುರ, ಬೆಲೆ ಅಧಿಕ. ಆದರೆ ಇಳಿಯುವವನಿಗೆ ಒಂದು ಕಿಲೋಗ್ರಾಮಿನ ಲಾಭವೆಷ್ಟು? ಫ್ರಾನ್ಸಿನ ಅಮೌರಿ ಪಿಯೆರೋನ್ ೨೦೧೮ರ ವಿಶ್ವಕಪ್ಪಿನ ಒಟ್ಟು ವಿಜಯವನ್ನು ಗಳಿಸಿದುದು ಅಲ್ಯೂಮಿನಿಯಮ್ಮಿನ ಫ್ರೇಮಿನ ಮೇಲೆ. ಜಗತ್ತನ್ನು ಗೆದ್ದವನಿಗೆ ಸಾಕಾದುದು ನಮ್ಮ ಮೈಸೂರಿನ ಹುಡುಗನಿಗೆ ಸಾಲದೆ ಹೋದೀತೇ? ಬಂಡೆಗೆ ತಗುಲಿದರೆ ಅಲ್ಯೂಮಿನಿಯಮ್ಮು ಸಾಮಾನ್ಯವಾಗಿ ತಗ್ಗು ಬಿದ್ದು ಪೆಟ್ಟನ್ನು ಹೊರಗೆ ತೋರುವುದು. ಕಾರ್ಬನ್ನಿನ ಬಿರುಕು ಬಣ್ಣದ ಕೆಳಗೆ ಅಡಗಿರಬಹುದು.

ತಾಯಿಯವರ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ನಮಗೆ ಸರಿತೋರದು. ಮುರಿದುದು ಅವರ ಮಗನ ಎಲುಬು. ಎಷ್ಟು ಒಳ್ಳೆಯ ಯಂತ್ರವೂ ಬೀಳುವುದನ್ನು ಪೂರ್ತಿಯಾಗಿ ತಪ್ಪಿಸಲಾರದು. ಆ ಕಾರಣದಿಂದಲೇ ಎಂಟು ಸಾವಿರವನ್ನೂ ಬೈಸಿಕಲ್ಲಿಗೆ ಸುರಿಯಬಾರದೆನ್ನುವೆವು. ಅಲ್ಯೂಮಿನಿಯಮ್ಮಿನ ಯಂತ್ರಕ್ಕೆ ಆರು ಸಾವಿರವೇ ಮಿತಿಯಾಗಲಿ. ಗದ್ದವನ್ನೂ ಮುಚ್ಚುವ ಶಿರಸ್ತ್ರಾಣ, ಬೆನ್ನು ಎದೆಗಳ ಕವಚ, ಮೊಳಕಾಲಿನ ರಕ್ಷೆ, ಕೈಗವಸುಗಳನ್ನು ಮೊದಲೇ ಕೊಳ್ಳಲಿ. ಜೋರಾಗಿ ಒಮ್ಮೆ ಬಿದ್ದ ಶಿರಸ್ತ್ರಾಣವು ನೋಡಲು ಚೆನ್ನಾಗಿದ್ದರೂ ಬದಲಾಯಿಸತಕ್ಕುದು. ಸವಾರನಿಗೆ ಕಲಿಸುವ ಗುರುಗಳು ಅಲ್ಲಿಯೇ ಇರುವರು, ಅವರಿಗೂ ಸ್ವಲ್ಪ ದಕ್ಷಿಣೆ ಸಲ್ಲಲಿ. ಮಿಕ್ಕುದು ಪೋಷಣೆಗೆ. ಬ್ರೇಕಿನ ಪ್ಯಾಡುಗಳು, ಟೈರುಗಳು ಒಂದೇ ಬೇಸಗೆಯಲ್ಲಿ ಸವೆದುಹೋಗುವುವು. ಫೋರ್ಕನ್ನು ಐವತ್ತು ಗಂಟೆಗಳ ಸವಾರಿಗೊಮ್ಮೆ ಬಿಚ್ಚಿ ಎಣ್ಣೆಯನ್ನು ಬದಲಾಯಿಸಬೇಕೆಂದು ಹೇಳುವ ತಯಾರಕರುಂಟು.

ಹಳೆಯ ಗಾಡಿಯನ್ನು ಕೊಂಡರೆ ಬೆಲೆ ಬಹಳವಾಗಿ ಇಳಿಯುವುದು, ನಿಜ. ಆದರೆ ತಯಾರಕರ ಖಾತರಿಯು ಅನೇಕ ಕಡೆ ಮೊದಲ ಕೊಳ್ಳುವವನೊಡನೆಯೇ ಮುಗಿಯುವುದು. ಬೆಸುಗೆಗಳ ಸುತ್ತ ಕೂದಲೆಳೆಯ ಬಿರುಕು, ಫೋರ್ಕಿನ ನುಣುಪಾದ ಕೊಳವೆಯ ಮೇಲೆ ಗೀರು, ಹಿಂದಿನ ಚಕ್ರವನ್ನು ಹಿಡಿದು ಅಲುಗಿಸಿದರೆ ಕೀಲುಗಳಲ್ಲಿ ಸಡಿಲ: ಇವುಗಳಲ್ಲಿ ಒಂದು ಕಂಡರೂ ಹಿಂದಿರುಗುವುದು ಮೇಲು. ಹೊಸದನ್ನೇ ಕೊಳ್ಳುವುದಾದರೆ, ಬೆಟ್ಟವನ್ನು ಮುಚ್ಚುವ ಅಕ್ಟೋಬರಿನ ಹೊತ್ತಿಗೆ ಅಂಗಡಿಗಳು ಬೆಲೆಯನ್ನು ತಗ್ಗಿಸುವುದುಂಟು. ಅಲ್ಲಿಯವರೆಗೆ ಹುಡುಗನು ತಾನು ಕೊಳ್ಳಲೆಣಿಸಿದ ಜಾತಿಯ ಗಾಡಿಯನ್ನೇ ಎರಡು ಬೇರೆಬೇರೆ ಅಳತೆಗಳಲ್ಲಿ ಒಂದೊಂದು ದಿನ ಬಾಡಿಗೆಗೆ ಪಡೆದು, ಒಂದೇ ದಾರಿಯಲ್ಲಿ ಇಳಿದು ನೋಡಿ, ಯಾವುದರಲ್ಲಿ ಕೈ ಕಡಿಮೆ ನೊಂದಿತೆಂಬುದನ್ನು ತಂದೆಗೆ ಬರೆಯಲಿ. ಹಣವನ್ನು ಕಳುಹಿಸುವುದು ಆ ಕಾಗದ ಬಂದ ಮೇಲೆ.