ಕಲಾವಿದನ ಮಿದುಳೂ ಕಲೆಯ ಸಾಧನೆಯೂ

ಕಲಾವಿದನ ಮಿದುಳನ್ನು ಯಂತ್ರಕ್ಕೊಡ್ಡಿ ಸೃಷ್ಟಿಯ ಗುಟ್ಟನ್ನರಿಯಹೊರಟ ವಿಜ್ಞಾನವನ್ನು ಕಂಡು ರಸಿಕರಲ್ಲಿ ಕೆಲವರು ಮುನಿಯುವುದೂ, ಮತ್ತೆ ಕೆಲವರು ಪ್ರತಿಭೆಯ ಬೀಗದ ಕೈ ದೊರೆತೇಬಿಟ್ಟಿತೆಂದು ಹಿಗ್ಗುವುದೂ ಉಂಟು. ನನಗೆ ಮುನಿಸಿಗೂ ಹಿಗ್ಗಿಗೂ ಕಾರಣ ಕಾಣದಾದರೂ, ಆ ಪ್ರಯೋಗಗಳಿಂದ ಜನ ಕಲಿಯುತ್ತಿರುವ ಪಾಠ ಮಾತ್ರ ತಲೆಕೆಳಗಾಗಿದೆಯೆಂದು ತೋರುತ್ತದೆ.

ಅಮೆರಿಕದ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರೌನ್ 2008ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನೇ ನೋಡಬಹುದು. ಜಾಸ್ ಸಂಗೀತದಲ್ಲಿ ನುರಿತ ಆರು ಮಂದಿ ಪಿಯಾನೋವಾದಕರನ್ನು ಎಂ.ಆರ್.ಐ. ಯಂತ್ರದ ಸುರಂಗದೊಳಗೆ ಅಂಗಾತ ಮಲಗಿಸಿ, ಕಾಂತಕ್ಕೆ ಸೆಳೆಯಲ್ಪಡದಂತೆ ರಚಿಸಿದ 35 ಮನೆಗಳ ಪುಟ್ಟ ಕೀಬೋರ್ಡನ್ನು ತೊಡೆಯ ಮೇಲಿರಿಸಿ, ಒಮ್ಮೆ ಬಾಯಿಪಾಠವಾದುದನ್ನೂ ಮತ್ತೊಮ್ಮೆ ಆ ಕ್ಷಣಕ್ಕೆ ಹೊಳೆದುದನ್ನೂ ನುಡಿಸಹೇಳಿದರು. ಹೊಳೆದುದನ್ನು ನುಡಿಸುವಾಗ, ತಪ್ಪುಒಪ್ಪುಗಳನ್ನು ತೂಗುತ್ತ ತನ್ನನ್ನು ತಾನೇ ಕಾಯುವ ಕೆಲಸದಲ್ಲಿ ಪಾಲುಳ್ಳ, ಹಣೆಯ ಹಿಂದಿನ ಪಾರ್ಶ್ವಭಾಗದ ಚಟುವಟಿಕೆ ಕುಗ್ಗಿ, ಸ್ವಂತ ಭಾವವನ್ನು ಹೊರಗೆಡಹುವುದಕ್ಕೆ ಸಂಬಂಧಿಸಿದುದೆಂದು ಅವರು ಬಗೆದ ನಡುಭಾಗದ ಚಟುವಟಿಕೆ ಹೆಚ್ಚಿದುದು ಕಂಡುಬಂದಿತು.

ಇಷ್ಟನ್ನು ಓದಿ, ಅಂಕುಶವನ್ನು ಎಸೆದರೆ ಕಲೆ ತಾನಾಗಿ ಹರಿಯುವುದೆಂದು ಸಾರುವವರು, ಆ ಆರು ಮಂದಿಯೂ ಸಂಗೀತವನ್ನೇ ವೃತ್ತಿಯಾಗಿ ಹಿಡಿದು ಬೆರಳು ಸವೆಸಿದವರೆಂಬುದನ್ನು ಮರೆಯುತ್ತಾರೆ. ಕಲಿಯದವನ ಮಿದುಳಿನ ವಿಷಯವಾಗಿ ಆ ಪರೀಕ್ಷೆ ಏನನ್ನೂ ಹೇಳಿಲ್ಲ. ಕಾವಲುಗಾರ ಕಣ್ಣು ಮುಚ್ಚಿದರೂ ಮನೆ ಸೂರೆಹೋಗದಿರುವುದು ಮನೆಯವರು ಶಿಸ್ತಿನಲ್ಲಿ ಬೆಳೆದವರಾದಾಗ ಮಾತ್ರ. ಸರಳೆ, ಅಲಂಕಾರ, ವರ್ಣಗಳನ್ನು ವರ್ಷಗಟ್ಟಲೆ ಸಾಧಿಸಿದ ಶಿಷ್ಯನಿಗೇ ಆಲಾಪನೆಯ ಅನುಮತಿ ನೀಡುವ ನಮ್ಮ ಗುರುಗಳಿಗೆ ಇದು ಹೊಸ ಮಾತಲ್ಲ.

ಸಾಧನೆ ಎಷ್ಟು ಆಳಕ್ಕೆ ಬೇರೂರಬಲ್ಲುದೆಂಬುದಕ್ಕೆ ಸೋವಿಯತ್ ಸಂಗೀತಕಾರ ವಿಸ್ಸಾರಿಯೋನ್ ಶೆಬಾಲಿನ್ನರ ಬಾಳು ಸಾಕ್ಷಿಯಾಗಿದೆ. 1959ರಲ್ಲಿ ಎರಡನೆಯ ಸಲ ಮಿದುಳಿನ ಆಘಾತಕ್ಕೆ ತುತ್ತಾಗಿ, ಪರರ ಮಾತನ್ನು ಗ್ರಹಿಸಲೂ ತಮ್ಮ ಮಾತನ್ನು ಜೋಡಿಸಲೂ ತಡಕಾಡುವಂತಾದ ಅವರು, 1962ರಲ್ಲಿ ತಮ್ಮ ಐದನೆಯ ಸಿಂಫನಿಯನ್ನು ರಚಿಸಿ ಮುಗಿಸಿದರು. ಇದನ್ನು ಸಹೋದ್ಯೋಗಿಗಳೊಡನೆ ಪರಿಶೀಲಿಸಿದ ನರಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ, ನುಡಿ ಕುಸಿದೆಡೆಯಲ್ಲೂ ನಾದ ನಿಲ್ಲಬಲ್ಲುದೆಂಬುದನ್ನು 1965ರಲ್ಲಿ ಲೋಕದ ಮುಂದಿಟ್ಟರು.

ಇಂಥ ತಿಳಿವಳಿಕೆಗಾಗಿ ಈ ವಿಜ್ಞಾನಕ್ಕೆ ನಾವು ಋಣಿಗಳು. ಆದರೆ ಯಂತ್ರ ಅಳೆಯುವುದು ನೆತ್ತರಿನ ಆಮ್ಲಜನಕದ ಏರಿಳಿತವನ್ನೇ ಹೊರತು ಕೃತಿಯ ಯೋಗ್ಯತೆಯನ್ನಲ್ಲ. ಆ ತೀರ್ಪು ಕೇಳುವ ಕಿವಿಗೇ ಮೀಸಲು. ವಿಜ್ಞಾನದ ಹೆಸರು ಹೇಳಿ ಎಳೆಯರ ಅಭ್ಯಾಸದ ಗಂಟೆಗಳನ್ನು ಮೊಟಕುಗೊಳಿಸಹೊರಟವರು, ಕಲೆಗೆ ಬಗೆಯುವಷ್ಟೇ ಅಪಚಾರವನ್ನು ವಿಜ್ಞಾನಕ್ಕೂ ಬಗೆಯುತ್ತಾರೆ.