ಅರ್ಧ ಅಂಕದ ಚರಿತ್ರೆ

ಕಳೆದ ಚಳಿಗಾಲದಲ್ಲಿ ಅಮೆರಿಕದ ಶಾರ್ಲಟ್ ನಗರದ ಒಂದು ಬಾರ್‌ನಲ್ಲಿ ಅರ್ಧ ಅಂಕಕ್ಕಾಗಿ ನಾನು ಕಾಲು ಗಂಟೆ ಜಗಳವಾಡಿದೆ. ಗುರುವಾರದ ಕ್ವಿಜ್. ವಿಷಯ ನ್ಯಾಸ್ಕಾರ್, ಅಂದರೆ ಇಲ್ಲಿನ ಸ್ಟಾಕ್ ಕಾರ್ ರೇಸು. ಪ್ರಶ್ನೆ ಸರಳವಾಗಿತ್ತು: ಈ ಆಟದ ಅತ್ಯುನ್ನತ ಸರಣಿಯಲ್ಲಿ ಗೆದ್ದ ಮೊದಲ ಕಪ್ಪು ಜನಾಂಗದ ಚಾಲಕ ಯಾರು, ಯಾವ ವರ್ಷ? ವೆಂಡಲ್ ಸ್ಕಾಟ್ ಎಂಬ ಹೆಸರು ಎಲ್ಲರಿಗೂ ಗೊತ್ತಿತ್ತು. ಗಲಾಟೆಯಾದದ್ದು ವರ್ಷದ ಬಗ್ಗೆ. ಪಕ್ಕದ ಮೇಜಿನವರು 1963 ಎಂದು ಬರೆದಿದ್ದರು, ನಾವು 1964. ರೇಸು ನಡೆದದ್ದು 1963ರ ಡಿಸೆಂಬರ್ 1ರಂದು, ನಿಜ. ಆದರೆ ಆ ಸಲದ ಋತು ಹಿಂದಿನ ವರ್ಷದ ನವೆಂಬರಿನಲ್ಲೇ ಶುರುವಾಗಿತ್ತು; ಹಾಗಾಗಿ ದಾಖಲೆಯಲ್ಲಿ ಅದು 1964ರ ಋತುವಿನ ರೇಸು. ಇದನ್ನು ನಾನು ಎದ್ದು ನಿಂತು, ಫೋನಿನಲ್ಲಿ ಕೋಷ್ಟಕ ತೋರಿಸಿ ವಾದಿಸಿದೆ. ಕೊನೆಗೆ ಎರಡೂ ತಂಡಗಳಿಗೆ ಅರ್ಧರ್ಧ ಅಂಕ ಸಿಕ್ಕಿತು. ಮುಂದಿನ ಪ್ರಶ್ನೆಗೆ ಹೋದೆವು.

ಅಂದು ಸಂಜೆ ಟ್ರೋಫಿ ಹಿಡಿದು ನಿಂತವರು ಸ್ಕಾಟ್ ಅಲ್ಲ ಎಂಬ ಮಾತನ್ನು ಆ ಕಾಲು ಗಂಟೆಯಲ್ಲಿ ಒಬ್ಬರೂ ಎತ್ತಲಿಲ್ಲ. ಆಟದ ದಾಖಲೆಗಳ ಮೇಲೆಯೇ ಪಿಎಚ್‌ಡಿ ಮಾಡುತ್ತಿರುವ ನಾನೂ ಎತ್ತಲಿಲ್ಲ. ನನ್ನ ತಕರಾರು ಇರುವುದು ಇಲ್ಲಿ, ಮೊದಲಿಗೆ ನನ್ನ ಮೇಲೆಯೇ.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಷೋರೂಮಿನಲ್ಲಿ ಮಾರಾಟಕ್ಕಿರುವಂಥ ಕಾರುಗಳನ್ನೇ ಓಡಿಸುವ ಸ್ಪರ್ಧೆ ಎಂದು ಶುರುವಾದದ್ದರಿಂದ 'ಸ್ಟಾಕ್' ಎಂಬ ಹೆಸರು. ಬಿಲ್ ಫ್ರಾನ್ಸ್ ಎಂಬಾತ 1948ರಲ್ಲಿ ಫ್ಲಾರಿಡಾದ ಡೇಟೋನಾದಲ್ಲಿ ನ್ಯಾಸ್ಕಾರ್ ಸಂಸ್ಥೆ ಕಟ್ಟಿದ. ಈಗಿನ ಕಾರುಗಳು ಷೋರೂಮಿನ ಹತ್ತಿರವೂ ಸುಳಿಯುವುದಿಲ್ಲ, ಹೆಸರು ಮಾತ್ರ ಉಳಿದಿದೆ. ಇದರ ಅಭಿಮಾನಿಗಳ ಅಂಕಿಅಂಶದ ಹುಚ್ಚಿನ ಮುಂದೆ ನಮ್ಮ ಕ್ರಿಕೆಟ್ ಹುಚ್ಚರೂ ಸಪ್ಪೆ. ರಿಚರ್ಡ್ ಪೆಟ್ಟಿ 200 ರೇಸು ಗೆದ್ದರು, 1967 ಒಂದೇ ವರ್ಷದಲ್ಲಿ 27, ಅದರಲ್ಲಿ ಸಾಲಾಗಿ 10: ಇದು ಇಲ್ಲಿ ಮಗ್ಗಿ ಇದ್ದ ಹಾಗೆ. 1949ರ ಜೂನ್ 19ರಂದು ಶಾರ್ಲಟ್‌ನಲ್ಲಿ ನಡೆದ ಮೊಟ್ಟಮೊದಲ ರೇಸಿನ ಕಥೆಯಂತೂ ಯಾರನ್ನು ಕೇಳಿದರೂ ಹೇಳುತ್ತಾರೆ. ಮೊದಲು ಗುರಿ ಮುಟ್ಟಿದ ಗ್ಲೆನ್ ಡನ್ನವೇ ಓಡಿಸುತ್ತಿದ್ದದ್ದು ಕಳ್ಳಭಟ್ಟಿ ಸಾರಾಯಿ ಸಾಗಿಸುವ ಕಾರು. ಭಾರ ಹೊರಲೆಂದು ಅದರ ಹಿಂದಿನ ಸ್ಪ್ರಿಂಗುಗಳನ್ನು ಬದಲಿಸಲಾಗಿತ್ತು. ತಪಾಸಣೆಯಲ್ಲಿ ಸಿಕ್ಕಿಬಿದ್ದು ಅನರ್ಹನಾದ. ಗೆಲುವು ಹೋದದ್ದು ಕ್ಯಾನ್ಸಸ್‌ನಿಂದ ಬಂದಿದ್ದ ಜಿಮ್ ರೋಪರ್‌ಗೆ. ಈ ರೇಸಿನ ಸುದ್ದಿ ರೋಪರ್‌ಗೆ ಸಿಕ್ಕಿದ್ದು ಪತ್ರಿಕೆಯ ಚಿತ್ರಕಥೆಯೊಂದರಲ್ಲಂತೆ!

ಎಷ್ಟು ಚೆಂದದ ಕಥೆ, ಅಲ್ಲವೇ? ಗಮನಿಸಿ: ಸರಣಿಯ ಮೊದಲ ಫಲಿತಾಂಶವೇ ರೇಸಿನ ಅಂಗಳದಲ್ಲಿ ಅಲ್ಲ, ತಪಾಸಣೆಯ ಜಾಗದಲ್ಲಿ ತೀರ್ಮಾನವಾಯಿತು. ಗೆದ್ದವನು ಯಾರು ಎಂಬುದನ್ನು ಕಾರು ಹೇಳುವುದಿಲ್ಲ, ಎಣಿಸುವವರು ಹೇಳುತ್ತಾರೆ. ಕ್ವಿಜ್ ಮಾತ್ರ ಕೇಳುವುದು ಗೆದ್ದವನ ಹೆಸರನ್ನು.

ಜ್ಯಾಕ್ಸನ್‌ವಿಲ್‌ಗೆ ಬರೋಣ. ಅದು ಫ್ಲಾರಿಡಾದ ಒಂದು ಮಣ್ಣಿನ ಟ್ರ್ಯಾಕು, ಸುತ್ತಿಗೆ ಅರ್ಧ ಮೈಲಿ. ವೆಂಡಲ್ ಸ್ಕಾಟ್ ವರ್ಜೀನಿಯಾದ ಡ್ಯಾನ್‌ವಿಲ್‌ನವರು. ಎರಡನೇ ಮಹಾಯುದ್ಧದಲ್ಲಿ ಸೈನ್ಯದಲ್ಲಿ ಮೆಕ್ಯಾನಿಕ್ ಆಗಿದ್ದವರು. ತಮ್ಮ ಕಾರನ್ನು ತಾವೇ ರಿಪೇರಿ ಮಾಡಿಕೊಂಡು, ಮಕ್ಕಳನ್ನೇ ಸಹಾಯಕ್ಕಿಟ್ಟುಕೊಂಡು ಊರೂರು ಸುತ್ತುತ್ತಿದ್ದರು. ಅಂದು 34ನೇ ನಂಬರಿನ ಷೆವರ್ಲೆಯಲ್ಲಿ ಅವರು ರಿಚರ್ಡ್ ಪೆಟ್ಟಿಯನ್ನೇ ಹಿಂದಿಕ್ಕಿದರು, ಉಳಿದೆಲ್ಲರಿಗಿಂತ ಎರಡು ಸುತ್ತು ಮುಂದಿದ್ದರು. ಗೆಲುವಿನ ಬಾವುಟ ಮಾತ್ರ ಬೀಸಲಿಲ್ಲ. ಎರಡನೆಯವರಾದ ಬಕ್ ಬೇಕರ್ ವಿಜೇತರೆಂದು ಘೋಷಣೆಯಾಗಿ, ಫೋಟೋ ತೆಗೆಸಿಕೊಂಡು, ಟ್ರೋಫಿ ಹಿಡಿದು ಹೊರಟುಹೋದರು. ಎಣಿಕೆ ತಪ್ಪಾಗಿತ್ತು, ಗೆದ್ದದ್ದು ಸ್ಕಾಟ್ ಎಂದು ಅಧಿಕಾರಿಗಳು ಒಪ್ಪಿಕೊಂಡದ್ದು ಪ್ರೇಕ್ಷಕರು ಮನೆಗೆ ಹೋದ ಮೇಲೆ. ಬಿಳಿ ಹುಡುಗಿಯೊಬ್ಬಳು ಕರಿಯನೊಬ್ಬನಿಗೆ ಎಲ್ಲರೆದುರು ಟ್ರೋಫಿ ಕೊಟ್ಟು ಮುತ್ತಿಡುವುದು ಅವರಿಗೆ ಬೇಕಿರಲಿಲ್ಲ ಎಂಬುದು ಸ್ಕಾಟ್ ಅವರ ನಂಬಿಕೆಯಾಗಿತ್ತು.

ಇದನ್ನು ಹೇಳಿದರೆ ಅಭಿಮಾನಿ ಗೆಳೆಯರು ಕೊಡುವ ಉತ್ತರ ಒಂದೇ. 'ಆ ಕಾಲದಲ್ಲಿ ಎಣಿಕೆ ಹಾಗೇ ಇತ್ತು ಮಾರಾಯ, ಎಲ್ಲದಕ್ಕೂ ಬಣ್ಣ ಬಳಿಯಬೇಡ' ಎಂಬರ್ಥದ ಮಾತು. ವಾದದಲ್ಲಿ ಹುರುಳಿಲ್ಲ ಎನ್ನುವ ಹಾಗಿಲ್ಲ. ಆಗ ಸುತ್ತು ಎಣಿಸುತ್ತಿದ್ದದ್ದು ಯಂತ್ರವಲ್ಲ, ಮನುಷ್ಯರು. ಒಂದೊಂದು ಕಾರಿಗೆ ಒಬ್ಬರು ಕೂತು, ಕಾರು ದಾಟಿದಾಗೆಲ್ಲ ಗಡಿಯಾರ ನೋಡಿ ಕಾರ್ಡಿನಲ್ಲಿ ಗುರುತು ಹಾಕುತ್ತಿದ್ದರು. ಕಣ್ಣು ತಪ್ಪಿದರೆ ಸುತ್ತು ತಪ್ಪಿತು. 1959ರ ಲೇಕ್‌ವುಡ್ ರೇಸಿನಲ್ಲಿ ರಿಚರ್ಡ್ ಪೆಟ್ಟಿ ಗೆದ್ದನೆಂದು ಬಾವುಟ ಬಿತ್ತು. ಎಣಿಕೆ ಸರಿಯಿಲ್ಲ ಎಂದು ದೂರು ಕೊಟ್ಟು ಆ ಗೆಲುವನ್ನು ತನ್ನದಾಗಿಸಿಕೊಂಡವನು ಸ್ವಂತ ಅಪ್ಪ, ಲೀ ಪೆಟ್ಟಿ. ಅದೇ ವರ್ಷ ಫೆಬ್ರವರಿಯಲ್ಲಿ, ಮೊದಲ ಡೇಟೋನಾ 500ರಲ್ಲಿ, ಜಾನಿ ಬೋಷಾಂಪ್ ಗೆದ್ದರೆಂದು ಸಾರಿ, ನ್ಯೂಸ್‌ರೀಲು ಫೋಟೋಗಳನ್ನೆಲ್ಲ ತರಿಸಿ ನೋಡಿ, 61 ಗಂಟೆಗಳ ಬಳಿಕ ಲೀ ಪೆಟ್ಟಿಯೇ ಗೆದ್ದದ್ದೆಂದು ತೀರ್ಪು ತಿದ್ದಿದರು.

ಸರಿ, ಎಣಿಕೆ ತಪ್ಪಿತೆಂದೇ ಇಟ್ಟುಕೊಳ್ಳೋಣ. ಜ್ಯಾಕ್ಸನ್‌ವಿಲ್‌ನ ಎಣಿಕೆಯೂ ಕೆಲವೇ ಗಂಟೆಗಳಲ್ಲಿ ಸರಿಹೋಯಿತಲ್ಲ? ಆಮೇಲೆ ಟ್ರೋಫಿ ಕೊಡಲು ಯಾವ ಲೆಕ್ಕ ಅಡ್ಡ ಬಂತು? ಸ್ಕಾಟ್ 1990ರಲ್ಲಿ ತೀರಿಕೊಂಡರು. ನ್ಯಾಸ್ಕಾರ್ ಅವರ ಕುಟುಂಬದ ಕೈಗೆ ಟ್ರೋಫಿ ಇಟ್ಟದ್ದು 2021ರ ಆಗಸ್ಟಿನಲ್ಲಿ. 1963ರಿಂದ ಲೆಕ್ಕ ಹಾಕಿ. ಕೂಡುವ ಕಳೆಯುವ ತಪ್ಪಿಗೆ ಅಷ್ಟು ವರ್ಷ ಬೇಡ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಕೋಷ್ಟಕ ತೆರೆದು ನೋಡಿದರೆ ಆ ದಿನದ ಸಾಲು ಪರಿಶುದ್ಧವಾಗಿದೆ. ದಿನಾಂಕ, ಜ್ಯಾಕ್ಸನ್‌ವಿಲ್, ವೆಂಡಲ್ ಸ್ಕಾಟ್, 34, ಷೆವರ್ಲೆ. ಎಲ್ಲವೂ ನಿಜ. ಯಾವ ಪಂಡಿತನೂ ತಿದ್ದಲಾರ. ತಪ್ಪನ್ನು ತಿದ್ದಿದ್ದೇನೋ ಸರಿ. ತಿದ್ದಿದ ಗುರುತನ್ನೂ ಅಳಿಸಿಬಿಟ್ಟರೆ ತಪ್ಪೇ ನಡೆದಿಲ್ಲವೆಂದಾಗುತ್ತದೆ. ಹಳೆಯ ಹಸ್ತಪ್ರತಿ ಸಂಪಾದಿಸುವವರು ಪಾಠಾಂತರವನ್ನು ಅಡಿಯಲ್ಲಿ ಕೊಡುತ್ತಾರಲ್ಲ, ಆಟದ ದಾಖಲೆಗೆ ಆ ಶಿಸ್ತು ಇಲ್ಲ. ಮನೆ ತುಂಬಿತು, ಪ್ರಶ್ನೆ ಮುಗಿಯಿತು.

ಮನೆ ಖಾಲಿ ಇದ್ದರೆ ಅಭಿಮಾನಿಗಳು ಬಿಡುವವರಲ್ಲ. 1971ರ ಆಗಸ್ಟ್ 6ರಂದು ವಿನ್‌ಸ್ಟನ್-ಸೇಲಂನ ಬೌಮನ್ ಗ್ರೇ ಸ್ಟೇಡಿಯಮ್ಮಿನಲ್ಲಿ ಎರಡು ದರ್ಜೆಯ ಕಾರುಗಳನ್ನು ಒಟ್ಟಿಗೆ ಓಡಿಸಿದರು. ಚಿಕ್ಕ ದರ್ಜೆಯ ಮಸ್ಟಾಂಗಿನಲ್ಲಿ ಬಾಬಿ ಆಲಿಸನ್ ಗೆದ್ದರು. ಗೆಲುವು ಅವರ ಲೆಕ್ಕಕ್ಕೂ ಬರಲಿಲ್ಲ, ಬೇರೆಯವರ ಲೆಕ್ಕಕ್ಕೂ ಹೋಗಲಿಲ್ಲ. ಗೆದ್ದವರೇ ಇಲ್ಲದ ರೇಸು! ಅದೇ ವರ್ಷ ಅಂಥದೇ ಚಿಕ್ಕ ಕಾರಿನಲ್ಲಿ ಟೈನಿ ಲಂಡ್ ಗೆದ್ದದ್ದು ಲೆಕ್ಕಕ್ಕೆ ಬಂದಿತ್ತು. ಈ ಅನ್ಯಾಯವನ್ನು ಹಳೆಯ ಅಭಿಮಾನಿಗಳು ಐದು ದಶಕ ಬಿಡದೆ ಹೇಳಿದರು. 2024ರ ಅಕ್ಟೋಬರಿನಲ್ಲಿ ನ್ಯಾಸ್ಕಾರ್ ಒಪ್ಪಿತು; ಆಲಿಸನ್ ಅವರ ಗೆಲುವು 84ರಿಂದ 85 ಆಯಿತು. ಮರುತಿಂಗಳು 9ರಂದು ಅವರು ತೀರಿಕೊಂಡರು. ಅಷ್ಟರೊಳಗೆ ತೀರ್ಮಾನವಾದದ್ದು ನನಗೂ ಖುಷಿಯೇ. ಚಿಲ್ಲರೆ ಮಾಹಿತಿ ಕೂಡಿಡುವ ಜನರ ಹಟದ ಬೆಲೆ ಏನೆಂದು ಅಲ್ಲಿ ಕಾಣುತ್ತದೆ. ಅದೇ ಹಟ ಡ್ಯಾನ್‌ವಿಲ್‌ನ ಮನೆಯ ಕಡೆ ಏಕೆ ಹರಿಯಲಿಲ್ಲ? ಟ್ರೋಫಿಗಾಗಿ ವರ್ಷಗಟ್ಟಲೆ ಕೇಳಿದ್ದು ಸ್ಕಾಟ್ ಅವರ ಮಕ್ಕಳು. ಕ್ವಿಜ್ ಮೇಜುಗಳ ಪಾಲಿಗೆ ಅದು ಆಗಲೇ ಉತ್ತರ ಸಿಕ್ಕಿದ ಪ್ರಶ್ನೆ.

ಕಳ್ಳಭಟ್ಟಿಯ ರಮ್ಯ ಕಥೆಯೂ ಹೀಗೇ. ಜೂನಿಯರ್ ಜಾನ್ಸನ್ ಸಾರಾಯಿ ಸಾಗಿಸಿದ್ದು, ಅಪ್ಪನ ಭಟ್ಟಿಯ ಹತ್ತಿರ ಸಿಕ್ಕಿಬಿದ್ದು ಜೈಲಿಗೆ ಹೋದದ್ದು, ಮುಂದೆ ಅಧ್ಯಕ್ಷ ರೇಗನ್ ಕ್ಷಮಾದಾನ ಕೊಟ್ಟದ್ದು ಇಲ್ಲಿ ಪುರಾಣವಾಗಿದೆ. ಟಾಮ್ ವೂಲ್ಫ್ 1965ರಲ್ಲಿ ಎಸ್ಕ್ವೈರ್ ಪತ್ರಿಕೆಗೆ ಬರೆದ ಪ್ರಬಂಧ ಜಾನ್ಸನ್‌ರನ್ನು ಅಮೆರಿಕದ ಕೊನೆಯ ನಾಯಕನೆಂದು ಕರೆಯಿತು. ಸಾಹಿತ್ಯದ ವಿದ್ಯಾರ್ಥಿಗಳು ಅದನ್ನು ಹೊಸ ಪತ್ರಿಕೋದ್ಯಮದ ಮಾದರಿಯಾಗಿ ಇಂದಿಗೂ ಓದುತ್ತಾರೆ. ಸ್ಕಾಟ್ ಕೂಡ ಸಾರಾಯಿ ಸಾಗಿಸಿದವರೇ. 1952ರಲ್ಲಿ ಡ್ಯಾನ್‌ವಿಲ್‌ನ ಆಯೋಜಕರಿಗೆ ಟಿಕೆಟ್ ಮಾರಲು ಒಬ್ಬ ಕರಿಯ ಚಾಲಕ ಬೇಕಿತ್ತು. ಅವರು ಪೊಲೀಸರನ್ನು ಕೇಳಿದರು, ಪೊಲೀಸರು ತಾವು ಬೆನ್ನಟ್ಟುತ್ತಿದ್ದವರ ಹೆಸರು ಕೊಟ್ಟರು. ಒಂದೇ ಕಸುಬು, ಒಂದೇ ಬಗೆಯ ರಸ್ತೆ. ಒಬ್ಬರದು ವೀರಗಾಥೆ, ಇನ್ನೊಬ್ಬರದು ಅರ್ಧ ಅಂಕ.

ವಿಶ್ವವಿದ್ಯಾಲಯದವರನ್ನೂ ಸುಮ್ಮನೆ ಬಿಡಲಾರೆ. ನನ್ನ ಅಧ್ಯಾಯದ ಕರಡು ಓದಿದ ಹಿರಿಯರೊಬ್ಬರು 'ಇದೆಲ್ಲ ಟ್ರಿವಿಯಾ, ಇದನ್ನು ತೆಗೆದು ಜನಾಂಗೀಯತೆಯ ಬಗ್ಗೆ ಸೈದ್ಧಾಂತಿಕವಾಗಿ ಬರೆ' ಎಂದರು. ಯಾವುದನ್ನು ತೆಗೆಯಲಿ? ಎರಡು ಸುತ್ತನ್ನೋ, 34ನೇ ನಂಬರನ್ನೋ? ಸ್ಕಾಟ್ 495 ರೇಸು ಓಡಿದರು, 147 ಸಲ ಮೊದಲ ಹತ್ತರೊಳಗೆ ಬಂದರು, 1966ರಲ್ಲಿ ಇಡೀ ಋತುವಿನ ಪಟ್ಟಿಯಲ್ಲಿ ಆರನೆಯವರಾದರು. ದೊಡ್ಡ ಪ್ರಾಯೋಜಕರಿಲ್ಲದೆ, ಬೇರೆಯವರು ಓಡಿಸಿ ಬಿಟ್ಟ ಹಳೆಯ ಕಾರುಗಳಲ್ಲಿ. ಈ ಸಂಖ್ಯೆಗಳನ್ನು ಕಿತ್ತರೆ ಅವರೊಬ್ಬ ಬಲಿಪಶು ಮಾತ್ರ ಆಗುತ್ತಾರೆ. ಅವರು ಚಾಲಕರಾಗಿದ್ದರು, ಒಳ್ಳೆಯ ಚಾಲಕರು. ಅದನ್ನು ಹೇಳಲು ನನಗೆ ಗೊತ್ತಿರುವ ದಾರಿ ಈ ಚಿಲ್ಲರೆಯೇ.

ಸ್ಕಾಟ್ ನಂತರ ಆ ಸರಣಿಯಲ್ಲಿ ಕಪ್ಪು ಚಾಲಕರೊಬ್ಬರು ಗೆದ್ದದ್ದು 2021ರ ಅಕ್ಟೋಬರ್ 4ರಂದು, ಟ್ಯಾಲಡೇಗಾದಲ್ಲಿ ಬಬ್ಬಾ ವಾಲೇಸ್. ನಮ್ಮ ಕ್ವಿಜ್‌ನಲ್ಲಿ ಇದೂ ಬಂದಿತ್ತು, ಪೂರ್ತಿ ಅಂಕ ಸಿಕ್ಕಿತು.

ಅದಾದ ಮೂರನೇ ಗುರುವಾರ ನಾನೇ ಒಂದು ಪ್ರಶ್ನೆ ಬರೆದು ಕ್ವಿಜ್ ನಡೆಸುವವರ ಕೈಗೆ ಕೊಟ್ಟೆ: 1963ರ ಡಿಸೆಂಬರ್ 1ರ ಸಂಜೆ ಜ್ಯಾಕ್ಸನ್‌ವಿಲ್ ಟ್ರ್ಯಾಕಿನಿಂದ ಟ್ರೋಫಿ ಯಾರ ಜೊತೆ ಹೋಯಿತು? ಅವರು ಓದಿ, ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು. ಇದಕ್ಕೆ ಉತ್ತರ ಹೇಳಿದರೆ ಜನ ಜಗಳವಾಡುತ್ತಾರೆ ಎಂದರು. ವರ್ಷಕ್ಕಾಗಿ ಜಗಳವಾಡಿದೆವಲ್ಲ ಎಂದೆ. ಅದು ಬೇರೆ ಎಂದರು. ಆಮೇಲೂ ಹಲವು ಗುರುವಾರ ಹೋಗಿ ಬಂದಿದ್ದೇನೆ, ಆ ಚೀಟಿ ಇನ್ನೂ ಹೊರಬಂದಿಲ್ಲ.