ಬೇಸಿಗೆಯ ತಾಪಕ್ಕೆ ಬಿಳಿ ಚಾವಣಿ: ಮನೆ, ಹಟ್ಟಿ ಮತ್ತು ಹುಳು ಸಾಕಣೆ ಮನೆಗೆ ಸಲಹೆಗಳು



2024ರ ಏಪ್ರಿಲ್ 28ರಂದು ಬೆಂಗಳೂರಿನ ಗರಿಷ್ಠ ಉಷ್ಣಾಂಶ 38.5 ಡಿಗ್ರಿ ಸೆಲ್ಸಿಯಸ್ ತಲುಪಿತು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ತಂಪು ಹವೆಗೆ ಹೆಸರಾದ ಈ ಪ್ರದೇಶಕ್ಕೆ ಇವು ಎಚ್ಚರಿಕೆಯ ಅಂಕಿಗಳು. ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಂತಹ ನಗರದಂಚಿನ ಊರುಗಳಲ್ಲಿ ಹೆಂಚಿನ ಬದಲು ಆರ್‌ಸಿಸಿ ಮತ್ತು ಶೀಟುಗಳು ಬಂದಿವೆ. ಹೆಂಚಿನ ಸಂದುಗಳಿಂದ ಹೊರಹೋಗುತ್ತಿದ್ದ ಬಿಸಿ ಗಾಳಿ ಈಗ ಒಳಗೇ ಉಳಿಯುತ್ತದೆ. ಹಗಲು ಕಾದ ಕಾಂಕ್ರೀಟು ರಾತ್ರಿಯೂ ಶಾಖವನ್ನು ಒಳಕ್ಕೆ ಬಿಡುತ್ತದೆ.

ಇದು ಕೇವಲ ನಿದ್ರೆಯ ಪ್ರಶ್ನೆಯಲ್ಲ. ಐದನೆಯ ಹಂತದ ರೇಷ್ಮೆಹುಳುವಿಗೆ ಬೇಕಾದುದು 24–25 ಡಿಗ್ರಿ. ಕಾದ ಶೀಟಿನಡಿ ಮಿಶ್ರತಳಿ ಹಸು ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ.

ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿ ನೀತಿಯನ್ನು ಜಾರಿಗೆ ತಂದಿತು. ಸರ್ಕಾರಿ, ವಾಣಿಜ್ಯ ಕಟ್ಟಡಗಳಿಗೂ 600 ಚದರ ಗಜ ಹಾಗೂ ಅದಕ್ಕೂ ದೊಡ್ಡ ನಿವೇಶನಗಳ ವಸತಿ ಕಟ್ಟಡಗಳಿಗೂ ಅಲ್ಲಿ ಅದು ಕಡ್ಡಾಯ. ಸಣ್ಣ ಮನೆಗಳಿಗೆ ಐಚ್ಛಿಕ. ಎಂದರೆ, ಹೆಚ್ಚು ಕಾಯುವ ಸಣ್ಣ ಚಾವಣಿಗಳು ಮಾಲೀಕರ ಇಚ್ಛೆಗೇ ಉಳಿದಿವೆ. ನಮ್ಮ ರೈತರು ನೀತಿಗಾಗಿ ಕಾಯಬೇಕಾಗಿಲ್ಲ.

ತತ್ವ: ಬಿಳಿ ಲೇಪನವು ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಕಳುಹಿಸುತ್ತದೆ, ಹೀರಿದ ಶಾಖವನ್ನು ಬೇಗ ಹೊರಸೂಸುತ್ತದೆ. ಒಳಗಿನ ಉಷ್ಣಾಂಶ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಇಳಿಯಬಹುದು. ಹೊಳೆಯುವ ಸತುವಿನ ಶೀಟು ಬಿಸಿಲನ್ನು ಪ್ರತಿಫಲಿಸಿದರೂ ಶಾಖವನ್ನು ಹೊರಸೂಸದು. ಆದ್ದರಿಂದ ಅದು ಕಾಯುತ್ತದೆ.

ಸಲಹೆಗಳು

* ಆರ್‌ಸಿಸಿಗೆ ಸೋಸಿದ ಸುಣ್ಣದ ತಿಳಿಗೆ ಅಂಟು ಬೆರೆಸಿ ಎರಡು ಬಾರಿ ಬಳಿಯಿರಿ. ಮಳೆಗೆ ತೊಳೆದುಹೋಗುವುದರಿಂದ ಪ್ರತಿವರ್ಷ ಫೆಬ್ರುವರಿಯಲ್ಲಿ ಪುನಃ ಬಳಿಯಬೇಕು.
* ಲೋಹದ ಶೀಟಿಗೆ ಸುಣ್ಣ ಹಿಡಿಯದು. ಹೊರಾಂಗಣದ ಬಿಳಿ ಪ್ರತಿಫಲನ ಲೇಪನವನ್ನೇ ಬಳಸಿ.
* ಕಲ್ನಾರಿನ ಹಳೆಯ ಶೀಟನ್ನು ಒಣಗಿದ್ದಾಗ ಉಜ್ಜಬೇಡಿ. ಅದರ ಎಳೆಗಳು ಶ್ವಾಸಕೋಶಕ್ಕೆ ಅಪಾಯಕಾರಿ.
* ಹುಳು ಮನೆಯ ಚಾವಣಿಗೆ ಬೆಳೆಗಳ ನಡುವಿನ ಬಿಡುವಿನಲ್ಲಿ ಬಳಿದು, ವಾಸನೆ ಪೂರ್ಣ ಹೋದ ಮೇಲೆ ಚಾಕಿ ತನ್ನಿ.
* ಧೂಳು ಕೂತರೆ ಪ್ರತಿಫಲನ ಕುಗ್ಗುತ್ತದೆ. ಬೇಸಿಗೆಗೆ ಮುನ್ನ ಗುಡಿಸಿ, ಒರೆಸಿ.

ಲೇಪನವು ಗಾಳಿಯಾಡುವಿಕೆಗೆ ಬದಲಿಯಲ್ಲ. ಕಿಟಕಿ, ನೆರಳು ಬೇಕೇ ಬೇಕು. ಹುಳುವಿಗೆ ಅಗತ್ಯವಾದ ಆರ್ದ್ರತೆಯನ್ನು ಪ್ರತ್ಯೇಕವಾಗಿ ಕಾಯ್ದುಕೊಳ್ಳಬೇಕು. ಹಣ ಸೀಮಿತವಾಗಿದ್ದರೆ ಹಟ್ಟಿಗೆ ಮಾತ್ರ ಬಳಿದು, ವೃದ್ಧರೂ ಮಕ್ಕಳೂ ಮಲಗುವ ಕೋಣೆಯನ್ನು ಮರೆಯದಿರಿ.

ವಿಸ್ತರಣಾ ಕಾರ್ಯಕರ್ತರು ಗ್ರಾಮದಲ್ಲಿ ಒಂದೇ ಬಗೆಯ ಎರಡು ಚಾವಣಿಗಳನ್ನು ಆರಿಸಿ, ಒಂದಕ್ಕೆ ಮಾತ್ರ ಲೇಪಿಸಿ, ಮಧ್ಯಾಹ್ನ 2 ಗಂಟೆಗೆ ಎರಡರಡಿಯೂ ಉಷ್ಣಾಂಶ ಅಳೆದು ತೋರಿಸಬೇಕು. ನಮ್ಮ ಮಾತಿಗಿಂತ ಆ ಅಂಕಿಯೇ ರೈತರಿಗೆ ಹೆಚ್ಚು ಮನವರಿಕೆ ಮಾಡಿಕೊಡುತ್ತದೆ.